ಡ್ರಿಲ್ ಟೀಚರಿಗೆ ನೋಟಿಸು

ತಿಂಗಳು ಮುಗಿಯುವುದರೊಳಗೆ ಮಹಡಿ ಖಾಲಿ ಮಾಡಿಸದಿದ್ದರೆ ತನ್ನನ್ನು ಯಾರೂ ಮನೆ ಮಾಲೀಕ ಎಂದು ಕರೆಯಬಾರದು ಎಂದು ಅವನು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದ. ಸಭಿಕರ ಸಂಖ್ಯೆ ಒಂದು. ಆ ಒಬ್ಬಳು, ಅಂದರೆ ಅವನ ಹೆಂಡತಿ, ಏಳು ತಿಂಗಳ ಹೊಟ್ಟೆಯ ಮೇಲೆ ತಟ್ಟೆಯಿಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು.

"ಈಗ ಮಾತ್ರ ಯಾರು ಕರೀತಾರೆ?" ಎಂದಳು.

ಮಾತು ನಿಜ. ಬೀದಿಯಲ್ಲಿ ಅವನಿಗಿದ್ದ ಹೆಸರು 'ಡ್ರಿಲ್ ಟೀಚರ್ ಮನೆ ಕೆಳಗಡೆ ಇರೋ ಹುಡುಗ'. ಮನೆಯೇನೋ ಅವನದೇ, ಮಕ್ಕಳಿಲ್ಲದ ದೊಡ್ಡಪ್ಪ ಬರೆದಿಟ್ಟು ಹೋದದ್ದು. ಕೆಳಗೆ ಒಂದು ಹಾಲು, ಒಂದು ಮಲಗುವ ಕೋಣೆ, ಅಡುಗೆಮನೆ, ಮುಂದೊಂದು ವರಾಂಡ. ಮೇಲೆ ಒಂದು ಕೋಣೆ, ಅದರೆದುರು ಬಯಲು ತಾರಸಿ. ಆದರೆ ಬಾಗಿಲ ಜೊತೆ ಚಿಲಕ ಬಂದ ಹಾಗೆ, ಮನೆಯ ಜೊತೆ ಮೇಲಿನ ಕೋಣೆಯ ಬಾಡಿಗೆದಾರರೂ ಬಂದಿದ್ದರು.

ಹನ್ನೊಂದು ವರ್ಷದಿಂದ ಅಲ್ಲಿದ್ದ ಆಕೆ ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಕಲಿಸಿ ನಿವೃತ್ತರಾದವರು. ಶಾಲೆ ಆಕೆಯನ್ನು ಬಿಟ್ಟಿತ್ತೇ ಹೊರತು ಆಕೆ ಶಾಲೆಯನ್ನು ಬಿಟ್ಟಿರಲಿಲ್ಲ. ಬೆಳಗಿನ ಐದೂವರೆಗೆ ತಾರಸಿಯ ಮೇಲೆ ಹಗ್ಗಜಿಗಿತ ಶುರು. ಮುನ್ನೂರು ಸಲ. ಪ್ರತಿ ಸಲಕ್ಕೂ ಕೆಳಗೆ ಚಾವಣಿಯಿಂದ ಸುಣ್ಣದ ಒಂದೊಂದು ಚೂರು ಅವನ ಹಣೆಯ ಮೇಲೆ ಬೀಳುತ್ತಿತ್ತು. ಅಂಗಳದಲ್ಲಿ ಸೀಮೆಸುಣ್ಣದ ಗೆರೆ. ಸ್ಕೂಟರು ಗೆರೆ ದಾಟಿದರೆ ಮೇಲಿನಿಂದ ಸೀಟಿ. ಮೆಟ್ಟಿಲು ಹತ್ತುವವರು ಎಡಕ್ಕೆ, ಇಳಿಯುವವರು ಬಲಕ್ಕೆ. ಮೆಟ್ಟಿಲ ಅಗಲ ಎರಡೂವರೆ ಅಡಿ.

"ನಂದೇ ಅಂಗಳ, ನಂದೇ ಗಾಡಿ, ಸೀಟಿ ಮಾತ್ರ ಅವರದು," ಎಂದು ಅವನು ಹಲ್ಲು ಕಡಿಯುತ್ತಿದ್ದ. ಹಾಗೆ ಕಡಿಯುತ್ತಲೇ ಗಾಡಿಯನ್ನು ಗೆರೆಯೊಳಗೆ ತಳ್ಳುತ್ತಿದ್ದ.

ಇಷ್ಟೇ ಆಗಿದ್ದರೆ ಅವನು ನುಂಗಿಕೊಳ್ಳುತ್ತಿದ್ದನೇನೋ. ವಿಷಯ ಬೇರೆಯಿತ್ತು. ಹೆಂಡತಿಗೆ ತಾಯಿಯಿಲ್ಲ. ಬಾಣಂತಿಯ ಜೊತೆ ನಾಲ್ಕು ತಿಂಗಳು ಇರಬಲ್ಲವಳೆಂದರೆ ಅವನ ಅಕ್ಕ ಒಬ್ಬಳೇ. ಬೆನ್ನುನೋವಿನ ಅಕ್ಕ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು: "ಒಂದು ಮಂಚ, ಒಂದು ಕೋಣೆ, ಹಾಕ್ಕೊಳ್ಳೋಕೆ ಒಂದು ಬಾಗಿಲು. ಇಷ್ಟಿದ್ರೆ ಬರ್ತೀನಿ ಕಣೋ. ಇಲ್ಲ ಅಂದ್ರೆ ಮಗು ಮುಖ ನೋಡಿ ಸಂಜೆ ಬಸ್ಸಿಗೆ ವಾಪಸ್."

ಹೆಂಡತಿ ಇದನ್ನು ಕೇಳಿ ನಕ್ಕುಬಿಟ್ಟಿದ್ದಳು. ಆದರೆ ಶಿಶುಪಾಲನೆಯ ತೆಳು ಪುಸ್ತಕದಲ್ಲಿ 'ಮಗು ಅಳು ನಿಲ್ಲಿಸದಿದ್ದರೆ' ಎಂಬ ಪುಟ ಅವಳ ಬೆರಳು ತಾಗಿ ತಾಗಿ ಮಾಸಿದ್ದನ್ನು ಅವನು ಕಂಡಿದ್ದ. ಅವನು ಆಫೀಸಿಗೆ ಹೋದ ಮೇಲೆ ಆ ಪುಟವನ್ನು ಅವಳು ಒಬ್ಬಳೇ ಎದುರಿಸಬೇಕು.

ಆದ್ದರಿಂದ ನೋಟಿಸು.

ಬರೆಯುವುದರಲ್ಲಿ ಅವನು ಪಳಗಿದ ಕೈ. ನೀರು ಸರಬರಾಜು ಕಚೇರಿಯಲ್ಲಿ ಜನರ ದೂರುಗಳಿಗೆ ಉತ್ತರ ಬರೆಯುವುದೇ ಅವನ ಉದ್ಯೋಗ. ಆ ವಿಭಾಗಕ್ಕೆ ಒಂದೇ ಶಾಸನ: ಪತ್ರದಲ್ಲಿ 'ಇಲ್ಲ' ಎಂಬ ಪದ ಇರಕೂಡದು. ಇದ್ದರೆ ಮೇಲಧಿಕಾರಿ ಕೆಂಪು ಶಾಯಿಯಲ್ಲಿ ಸುತ್ತಿ ವಾಪಸು ಕಳಿಸುತ್ತಿದ್ದರು. ನಾಲ್ಕು ವರ್ಷದ ಸೇವೆಯಲ್ಲಿ ಅವನ ಕೈ ಎಷ್ಟು ಹದಗೊಂಡಿತ್ತೆಂದರೆ, ನಲ್ಲಿ ಸಂಪರ್ಕ ಕೊಡಲಾಗದು ಎಂದು ಅವನು ಬರೆದ ಪತ್ರ ಹಿಡಿದು ಒಬ್ಬರು ಸಿಹಿ ಪೊಟ್ಟಣದೊಂದಿಗೆ ಧನ್ಯವಾದ ಹೇಳಲು ಬಂದಿದ್ದರು.

ಅಂಥ ಕೈಯಿಂದ ನೋಟಿಸು ಹೊರಬಿತ್ತು:

'ಮಾನ್ಯರೇ, ಕಳೆದ ಹನ್ನೊಂದು ವರ್ಷಗಳಿಂದ ತಾವು ಈ ಮನೆಯ ಶಿಸ್ತಿಗೆ ನೀಡಿರುವ ಕೊಡುಗೆಯನ್ನು ಹೃತ್ಪೂರ್ವಕವಾಗಿ ಸ್ಮರಿಸುತ್ತೇವೆ. ಮಹಡಿಯ ಬಳಕೆಯ ಕುರಿತು ಹೊಸ ಸಾಧ್ಯತೆಗಳು ತೆರೆದುಕೊಳ್ಳುತ್ತಿರುವ ಈ ಸಂದರ್ಭದಲ್ಲಿ ತಮ್ಮ ಅಮೂಲ್ಯ ಸಹಕಾರ ಎಂದಿನಂತೆ ದೊರೆಯುವುದೆಂದು ನಂಬಿದ್ದೇವೆ.'

ಹೆಂಡತಿ ಎರಡು ಸಲ ಓದಿದಳು. "ಇದರಲ್ಲಿ ಖಾಲಿ ಮಾಡಿ ಅಂತ ಎಲ್ಲಿದೆ?"

"'ಹೊಸ ಸಾಧ್ಯತೆಗಳು' ಅಂತ ಇದೆಯಲ್ಲ."

"ಅದಾ?"

"ಓದೋರಿಗೆ ಅರ್ಥ ಆಗುತ್ತೆ ಬಿಡು."

"ಈಗ ಓದಿದ್ದು ನಾನೇ ಅಲ್ವೇನ್ರೀ," ಎಂದು ಅವಳು ಪತ್ರ ಮಡಚಿ ಕೊಟ್ಟಳು.

ಮರುದಿನ ಐದೂವರೆಗೆ ಹಗ್ಗದ ಸದ್ದಿಲ್ಲ. ಅವನು ಹಾಸಿಗೆಯಲ್ಲೇ ವಿಜಯದ ನಗೆ ನಕ್ಕ. ಗಂಟುಮೂಟೆ ಕಟ್ಟುತ್ತಿರಬೇಕು! ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಬಿಳಿ ಕ್ಯಾನ್ವಾಸ್ ಬೂಟು ತೊಟ್ಟ ಟೀಚರು, ಕೈಯಲ್ಲಿ ಪತ್ರ, ಕಣ್ಣಲ್ಲಿ ನೀರು.

"ಮೂವತ್ತೊಂದು ವರ್ಷ ಸೀಟಿ ಊದಿದೆ ಕಣಪ್ಪ. ಬೀಳ್ಕೊಡುಗೆ ದಿನ ಒಂದು ಗೋಡೆ ಗಡಿಯಾರ ಕೊಟ್ಟರು. ಅದರ ಮೇಲೆ ಬೇರೆ ಟೀಚರ್ ಹೆಸರಿತ್ತು. ಇಂಥ ಒಂದು ಕಾಗದ ಯಾರೂ ಬರೆದು ಕೊಡಲಿಲ್ಲ."

ಅವನು ಬಾಯಿ ತೆರೆದ. ಹೊರಬಂದದ್ದು, "ತಮ್ಮ ಸಂತೋಷವೇ ನಮ್ಮ ಸಂತೋಷ."

ಸಂಜೆಯೊಳಗೆ ಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ ಮೆಟ್ಟಿಲ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಮೊಳೆ ಹೊಡೆಯುವಾಗ ಸ್ಟೂಲು ಹಿಡಿದುಕೊಂಡವನು ಮಾಲೀಕ. ಅಲ್ಲಿಗೂ ನಿಲ್ಲಲಿಲ್ಲ. ಮಹಡಿಯ ಹೊಸ ಸಾಧ್ಯತೆಗಳನ್ನು ಟೀಚರು ತೆರೆದೇಬಿಟ್ಟರು. ಶುಕ್ರವಾರದ ಹೊತ್ತಿಗೆ ಬೀದಿಯ ಎಂಟು ಮಂದಿ ಅಜ್ಜಿಯರು ಬೆಳಗಿನ ಕವಾಯತಿಗೆ ತಾರಸಿಯಲ್ಲಿ ಸಾಲಾಗಿ ನಿಂತಿದ್ದರು. ಇಷ್ಟು ದಿನ ಎರಡು ಕಾಲು ಕುಣಿಯುತ್ತಿದ್ದ ತಲೆಯ ಮೇಲೆ ಈಗ ಹದಿನೆಂಟು.

"ನೋಟಿಸಿನ ಪ್ರಭಾವ ಜೋರಾಗಿದೆ ಕಣ್ರೀ," ಎಂದಳು ಹೆಂಡತಿ, ಸೀರೆಯ ಮೇಲಿನ ಸುಣ್ಣ ಕೊಡವುತ್ತ.

"ಎರಡನೇ ಪತ್ರ ಬರೀತೀನಿ. ಈ ಸಲ ದಾಕ್ಷಿಣ್ಯವೇ ಇಲ್ಲ."

ಕೂತು ಬರೆದ. ಧೈರ್ಯ ಮಾಡಿ 'ಇಲ್ಲ' ಎಂದೂ ಬರೆದ. ಕೂಡಲೇ ಅವನದೇ ಕೈ ಹೋಗಿ ಅದಕ್ಕೆ ಸುತ್ತು ಹಾಕಿತು! ಅದನ್ನು ತಿದ್ದಿ, ಅದರ ಪಕ್ಕದ್ದನ್ನು ನಯಗೊಳಿಸಿ, ಕೊನೆಗೆ ಸಹಿ ಹಾಕಿದಾಗ ಪತ್ರವು ಹಿರಿಯ ನಾಗರಿಕರ ಆರೋಗ್ಯಕ್ಕೆ ಟೀಚರು ಸಲ್ಲಿಸುತ್ತಿರುವ ಸೇವೆಯನ್ನು ಮೂರು ಸಾಲುಗಳಲ್ಲಿ ಕೊಂಡಾಡುತ್ತಿತ್ತು.

ಭಾನುವಾರ ಬೆಳಿಗ್ಗೆ ಮೇಲಿನಿಂದ ಕರೆ ಬಂತು. ಹೋದವನನ್ನು ಟೀಚರು ಹಿಂದಿನ ಸಾಲಿನಲ್ಲಿ, ಹಲ್ಲಿಲ್ಲದ ಅಜ್ಜಿಗೂ ಹೂಗಿಡದ ಕುಂಡಕ್ಕೂ ನಡುವೆ ನಿಲ್ಲಿಸಿದರು. ಅರ್ಧ ಗಂಟೆ ಕೈ ಮೇಲೆ, ಕೈ ಕೆಳಗೆ. "ಮಗಾ, ನಿಂಗೆ ಬಗ್ಗೋಕೂ ಬರಲ್ವೇನೋ," ಎಂದು ಅಜ್ಜಿ ಮರುಕಪಟ್ಟರು. ಎಲ್ಲರನ್ನೂ ಕಳಿಸಿದ ಮೇಲೆ ಟೀಚರು ಅವನ ಎದುರು ನಿಂತರು.

"ಮೊದಲನೇ ಕಾಗದ ಓದಿ ಅತ್ತೆ. ಎರಡನೇದು ಓದಿ, ಕನ್ನಡಕ ಹಾಕ್ಕೊಂಡು ಇನ್ನೊಂದು ಸಲ ಓದಿದೆ. ಮನೆ ಮಾಲೀಕ ಒಂದೇ ವಾರದಲ್ಲಿ ಎರಡು ಸಲ ಹೊಗಳಿದ ಅಂದ್ರೆ ಏನೋ ಇದೆ. ಏನು?"

"ಅಂದರೆ ಮೇಡಂ, ಸದ್ಯದ ಪರಿಸ್ಥಿತಿಯಲ್ಲಿ ತಮ್ಮ..."

"ಕಾಲು ಜೋಡಿಸು."

ಜೋಡಿಸಿದ.

"ಕೈ ಪಕ್ಕಕ್ಕೆ. ಎದುರು ನೋಡು. ಒಂದೇ ವಾಕ್ಯ."

"ಮನೆ ಖಾಲಿ ಮಾಡಿ."

ಹೇಳಿದವನಿಗೇ ಕಿವಿ ಗುಂಯ್ ಎಂದಿತು. ನಾಲ್ಕು ವರ್ಷದಲ್ಲಿ ಹೊರಗಿನವರಿಗಾಗಿ ಅವನು ಸೃಷ್ಟಿಸಿದ ಮೊದಲ ಮೂರು ಪದದ ವಾಕ್ಯ ಅದು. ಟೀಚರು ಮೆಟ್ಟಿಲ ಬಳಿ ಹೋಗಿ ಕಟ್ಟು ಹಾಕಿಸಿದ್ದ ಪತ್ರವನ್ನು ಮೊಳೆಯಿಂದ ಇಳಿಸಿ, ಸೆರಗಿನಿಂದ ಗಾಜು ಒರೆಸಿದರು. ಹನ್ನೊಂದು ವರ್ಷ ಸೀಟಿಯ ಹಾಗಿದ್ದ ದನಿ ಈಗ ಸಣ್ಣದಾಗಿತ್ತು.

"ಎಷ್ಟು ದಿನದೊಳಗೆ?"

ಅವನ ಮಾಲೀಕತನ ಅಲ್ಲೇ ನೀರಾಗಿ ಹೋಯಿತು. "ಮೇಡಂ, ಹಾಗಲ್ಲ," ಎಂದವನು ಎಲ್ಲವನ್ನೂ ಒದರಿಬಿಟ್ಟ. ಅಕ್ಕ, ಅವಳ ಬೆನ್ನು, ಮಂಚ, ಬಾಗಿಲು, ತಾಯಿಯಿಲ್ಲದ ಹೆಂಡತಿ, ಮಾಸಿದ ಪುಟ. ಒಂದು ವಾಕ್ಯಕ್ಕೂ ತಲೆಬುಡವಿರಲಿಲ್ಲ. ಮೇಲಧಿಕಾರಿ ನೋಡಿದ್ದರೆ ಕೆಂಪು ಶಾಯಿಯ ಬಾಟಲಿಯನ್ನೇ ಬಗ್ಗಿಸುತ್ತಿದ್ದರು.

"ಇದನ್ನ ಮೊದಲನೇ ದಿನವೇ ಹೇಳೋಕೆ ಏನು ದಾಡಿಯಾಗಿತ್ತು ನಿನಗೆ?"

"ಅಭ್ಯಾಸ ಇಲ್ಲ ಮೇಡಂ."

ಟೀಚರು ಕೈಯಲ್ಲಿದ್ದ ಕಟ್ಟನ್ನು ನೋಡಿದರು. "ಹಾಗಾದ್ರೆ ಇದರಲ್ಲಿ ಬರೆದಿದ್ದೆಲ್ಲ ಸುಳ್ಳು."

ಅವನು ಒಂದು ಕ್ಷಣ ಯೋಚಿಸಿದ. ಈ ಮನೆಯ ಗೇಟು ಒಂದು ದಿನವೂ ತೆರೆದು ಬಿದ್ದಿರಲಿಲ್ಲ. ದೊಡ್ಡಪ್ಪನ ಕೊನೆಯ ಎರಡು ವರ್ಷ ಅವರ ಕೈಹಿಡಿದು ಅಂಗಳದಲ್ಲಿ ಗೆರೆಯುದ್ದಕ್ಕೂ ನಡೆಸಿದವರು ಇವರೇ ಎಂದು ಬೀದಿಯವರು ಹೇಳುತ್ತಿದ್ದರು.

"ಅದೇ ಫಜೀತಿ ಮೇಡಂ. ಬರೆದದ್ದೆಲ್ಲ ನಿಜ. ಬರೀಬೇಕಾಗಿದ್ದದ್ದು ಮಾತ್ರ ಬರೀಲಿಲ್ಲ."

ಟೀಚರು ಕಟ್ಟನ್ನು ಮತ್ತೆ ಮೊಳೆಗೆ ಸಿಕ್ಕಿಸಿ, ಓರೆಯಾಗಿದೆಯೇ ಎಂದು ನೋಡಿ, ಅವನನ್ನು ದಾಟಿ ಕೆಳಗಿಳಿದರು. ಬಲಬದಿಯಿಂದಲೇ ಇಳಿದರು. ಅವನೂ ಹಿಂದೆಯೇ ಇಳಿಯುವಷ್ಟರಲ್ಲಿ ಮಲಗುವ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಒಳಗೆ ಹೆಂಡತಿ ಮತ್ತು ಟೀಚರು, ಹೊರಗೆ ಅವನು. ಮೊದಲು ಪಿಸುಮಾತು. ಆಮೇಲೆ ಯಾರೋ ಮೂಗು ಸೀಟಿದ ಸದ್ದು. ಕೊನೆಗೆ ಇಬ್ಬರದೂ ನಗು. ನಗು ತನ್ನ ಕುರಿತೇ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಅರ್ಧ ಗಂಟೆಯ ನಂತರ ಹೆಂಡತಿ ಹೊರಬಂದಳು. ಅವಳ ಮುಖ ಎಷ್ಟೋ ವಾರಗಳ ನಂತರ ಹಗುರಾಗಿತ್ತು.

"ತೀರ್ಮಾನ ಆಯ್ತು. ಮೇಲಿನ ಕೋಣೆ ಅಕ್ಕನಿಗೆ. ಮಂಚ, ಬಾಗಿಲು ಎರಡೂ ಇದೆ."

"ಟೀಚರು?"

"ನಮ್ಮ ಕೋಣೆಗೆ ಬರ್ತಾರೆ. ನಾನೇ ಕೇಳಿದೆ. ಒಂದೇ ಸಲ ನಲವತ್ತು ಮಕ್ಕಳು ಅತ್ತಿದ್ದು ನೋಡಿದ್ದಾರಂತೆ. ಒಂದು ಮಗು ಅತ್ತರೆ ಏನು ಮಹಾ ಅಂದರು." ಅವಳ ಕಣ್ಣು ತುಂಬಿ ಬಂದಿತ್ತು, ನಗುತ್ತಲೂ ಇದ್ದಳು. "ಹಗಲು ಅಕ್ಕ, ರಾತ್ರಿ ಟೀಚರು."

ಇಬ್ಬರು ದೊಡ್ಡವರು ಜೊತೆಗಿರುತ್ತಾರೆ; ಇನ್ನೇನು ಬೇಕು? ಅಷ್ಟರಲ್ಲಿ ಅವನು ಮನದಲ್ಲೇ ಕೋಣೆಗಳನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಮತ್ತೆ ನಾನು?"

"ಹಾಲ್‌ಗೆ ಟೀಚರ್ ಸಾಮಾನು, ನಿಮಗೆ ವರಾಂಡ. ಬರೋ ಭಾನುವಾರದೊಳಗೆ ಹಾಸಿಗೆ ತೆಗೀಬೇಕು."

"ನನ್ನ ಮನೇಲಿ ನನ್ನನ್ನೇ ಖಾಲಿ ಮಾಡಿಸ್ತೀರಾ? ಕಾನೂನು ಅಂತ ಒಂದಿದೆ. ಕನಿಷ್ಠ ಲಿಖಿತವಾಗಿ ಒಂದು ನೋಟಿಸು ಕೊಡಬೇಕು."

"ಕೊಡೋಣ," ಎಂದಳು ಹೆಂಡತಿ, ಅವನ ದಿಂಬನ್ನು ಅವನ ಕೈಗಿಡುತ್ತ. "ಆದ್ರೆ ಅದನ್ನೂ ನೀವೇ ಬರ್ಕೊಂಡುಬಿಡಿ. ನಿಮ್ಮಷ್ಟು ನಯವಾಗಿ ಬರೆಯೋಕೆ ನಮಗೆ ಬರಲ್ಲ."