ಯಾಟ್ ಹತ್ತಿ ಬಂದ ಹರಕೆಯ ಹೋತಕ್ಕೊಂದು ಮನವಿ

ಮಾನ್ಯ ಹೋತರಾಯರೇ,

ಸಾಷ್ಟಾಂಗ ನಮಸ್ಕಾರಗಳು. ತಾವು ಕುಶಲವಾಗಿದ್ದೀರೆಂಬುದು ನಮ್ಮ ಬಸಳೆ ಚಪ್ಪರದ ಇಂದಿನ ಸ್ಥಿತಿಯಿಂದಲೇ ಮನವರಿಕೆಯಾಗಿರುವುದರಿಂದ ಕ್ಷೇಮ ವಿಚಾರಿಸುವುದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ, ಊರವರ ಅರ್ಜಿಗಳನ್ನು ಮೇಜಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸುತ್ತಲೇ ನಿವೃತ್ತನಾದ ಶಾಂತಾರಾಮ ಹೆಗಡೆಯೆಂಬ ನಾನು ಸ್ವಂತಕ್ಕೆ ಅರ್ಜಿ ಬರೆಯುತ್ತಿರುವುದು ಇದೇ ಮೊದಲು. ಅದೂ ಓದುವ ಮೊದಲೇ ಕಾಗದವನ್ನು ತಿಂದುಬಿಡುವ ಅಧಿಕಾರಿಗೆ.

ತಮ್ಮ ದ್ವೀಪಕ್ಕೆ ನಾವು ಬಂದದ್ದು ಅಳಿಯ ಅನೂಪನ ಔದಾರ್ಯದಿಂದ. ಮದುವೆಯ ವಾರ್ಷಿಕೋತ್ಸವವನ್ನು ಕುಮಟೆಯಲ್ಲಿ ಮಸಾಲೆದೋಸೆ ತಿಂದು ಮುಗಿಸಬಹುದಾಗಿದ್ದರೂ ಆತ ಯಾಟ್ ಎಂಬ ಬಿಳಿಯ ವಿಲಾಸನೌಕೆಯೊಂದನ್ನು ಬಾಡಿಗೆಗೆ ತರಿಸಿ, ಹೊನ್ನಾವರದಲ್ಲಿ ನಮ್ಮನ್ನೆಲ್ಲ ಹತ್ತಿಸಿಕೊಂಡ. ಹೊಳೆ ಕಡಲು ಸೇರುವ ಅಳಿವೆ ದಾಟುವಷ್ಟರಲ್ಲಿ ನಾನು ಬೆಳಗಿನ ಇಡ್ಲಿಯನ್ನು ಅರಬ್ಬೀ ಸಮುದ್ರಕ್ಕೆ ಒಪ್ಪಿಸಿ ಕ್ಯಾಬಿನ್ ಸೇರಿದ್ದರಿಂದ, ಜಾಹೀರಾತಿನಲ್ಲಿ ಹೊಗಳಿದ್ದ ದ್ವೀಪಸೌಂದರ್ಯದ ಬದಲು ಪ್ಲಾಸ್ಟಿಕ್ ಚೀಲವೊಂದರ ಒಳಭಾಗವನ್ನು ಕೂಲಂಕಷವಾಗಿ ನೋಡಿದೆ. ಉಳಿದವರು ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋದಾಗ ತಾವು ಬಂಡೆಯ ಮೇಲೆ ಒಬ್ಬರೇ ನಿಂತಿದ್ದಿರಂತೆ. ನನ್ನ ಹೆಂಡತಿ ಸುಮತಿ ಡಬ್ಬಿ ಬಿಚ್ಚಿ ಬೆಲ್ಲದ ತೊಡದೇವು ಕೊಟ್ಟಳಂತೆ. "ಅಯ್ಯೋ ಪಾಪ, ಒಂದೇ ಇದ್ದು, ಕರ್ಕಂಡು ಹೋಪನ" ಎಂದು ಮಗಳು ಶ್ರೀಗೌರಿ ಕಣ್ಣೀರು ತಂದುಕೊಂಡಳಂತೆ. ಮೀನುಗಾರರು ಹರಕೆ ಹೊತ್ತು, ದೇವರ ಹೆಸರಿನಲ್ಲಿ ಹೋತ ಬಿಟ್ಟುಬರುವ ದ್ವೀಪವದು ಎಂಬುದು ಒಳನಾಡಿನ ಕತಗಾಲದಿಂದ ಈಚೆಗಷ್ಟೇ ಕಡಲತಡಿಯ ತೆಂಗಿನಗುಂಡಿಗೆ ಬಂದು ಮನೆ ಕಟ್ಟಿಸಿದ ನಮ್ಮವರಿಗೆ ಗೊತ್ತಿರಲಿಲ್ಲ; ಕಚೇರಿಯ ದೆಸೆಯಿಂದ ಗೊತ್ತಿದ್ದ ನನ್ನ ಬಾಯಿ ಆಗ ಬೇರೆ ಕೆಲಸದಲ್ಲಿತ್ತು. ತಾವು ನನ್ನ ಕಿವಿ ನೆಕ್ಕಿದಾಗಲೇ ನನಗೆ ಪರಿಸ್ಥಿತಿ ಅರ್ಥವಾದದ್ದು. ಅಷ್ಟರಲ್ಲಿ ದ್ವೀಪ ಹಿಂದೆ ಉಳಿದಿತ್ತು, ಯಾಟಿನ ಕ್ಯಾಪ್ಟನ್ ತಿರುಗಿಸಲು ಒಪ್ಪಲಿಲ್ಲ.

ತಮ್ಮ ಮುಂದಿನ ಸಾಧನೆಯನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಪಕ್ಕದ ಮನೆಯ ಶನಿಯಾರನ ದೋಣಿ ಕಳೆದ ವರ್ಷ ಹೊನ್ನಾವರದ ಅಳಿವೆಯಲ್ಲಿ ಮಗುಚಿ, ಅವನು ಬದುಕಿ ಬಂದದ್ದೇ ಹೆಚ್ಚು ಎನ್ನುವಂತಾಗಿತ್ತು. ಅವನ ಹೆಂಡತಿ ನರ್ಮದಾ ಆಗ ಅದೇ ದ್ವೀಪದಲ್ಲಿ ಹೋತ ಬಿಟ್ಟು ಹರಕೆ ಒಪ್ಪಿಸಿದ್ದಳು. ತಾವು ನಮ್ಮ ಅಂಗಳದಲ್ಲಿ ಇಳಿದಿದ್ದೇ ತಡ, ಆಕೆ ಬೇಲಿಯಾಚೆಯಿಂದ ಕೂಗಿಕೊಂಡಳು: "ಇದು ನಮ್ಮ ಹರ್ಕಿ ಹೋತ! ದೇವ್ರು ಬ್ಯಾಡ ಅಂತ ವಾಪಸ್ ಕಳ್ಸ್ಯಾನಲ್ಲ! ಇದು ತಿರ್ಗಿ ಹೋಗೂವರಿಗೆ ನಮ್ಮನೆಯವ್ರು ದೋಣಿ ಹತ್ತೂದು ಬ್ಯಾಡ, ಆತು." ಅಂದಿನಿಂದ ಶನಿಯಾರ ದಡದಲ್ಲಿ ಕೂತು ಬಲೆ ಸರಿಮಾಡುತ್ತಿದ್ದಾನೆ. ದೇವರೇ ಹಿಂದಿರುಗಿಸಿದ ಹೋತವನ್ನು ಹತ್ತಿಸಿಕೊಳ್ಳಲು ತೆಂಗಿನಗುಂಡಿಯ ಒಂದು ದೋಣಿಯೂ ತಯಾರಿಲ್ಲ. ದೊಡ್ಡ ದೊಡ್ಡವರಿಂದಲೂ ನಿಲ್ಲಿಸಲಾಗದ ಮೀನುಗಾರಿಕೆಯನ್ನು ತಾವು ಎಲೆ ಜಗಿಯುತ್ತ ಒಂದು ಮನೆಯ ಮಟ್ಟಿಗೆ ನಿಲ್ಲಿಸಿಬಿಟ್ಟಿರಿ.

ನಮ್ಮಿಂದಾದ ಅನಾಹುತವನ್ನು ನಾವೇ ಸರಿಪಡಿಸಬೇಕೆಂದು ಅಳಿಯನ ಕೈಕಾಲು ಹಿಡಿದು ನಾಳೆಗೆ ಮತ್ತೆ ಅದೇ ಯಾಟ್ ಗೊತ್ತುಮಾಡಿಸಿದ್ದೇನೆ. ತಾವು ದಯವಿಟ್ಟು ಬೆಳಿಗ್ಗೆ ಸ್ನಾನ ಮಾಡಿ, ಸೋಫಾದ ಮೇಲೆ ಹಿಕ್ಕೆ ಹಾಕದೆ, ಸಾಧ್ಯವಾದರೆ ಲೈಫ್ ಜಾಕೆಟ್ ತೊಟ್ಟು, ದೇವರಿಗೆ ನಮ್ಮ ಪರವಾಗಿ ಎರಡು ಒಳ್ಳೆಯ ಮಾತು ಹೇಳುವ ಷರತ್ತಿನೊಂದಿಗೆ ಪ್ರಯಾಣ ಬೆಳೆಸಬೇಕೆಂದು ಕೋರಲು ಈ ಪತ್ರ ಶುರುಮಾಡಿದ್ದೆ.

ಆದರೆ ಅರ್ಧ ಬರೆದು, ಚಹ ಕುಡಿಯಲೆಂದು ಎದ್ದು ಹಿತ್ತಲಿಗೆ ಬಂದಾಗ ಶನಿಯಾರ ತಮಗೆ ಹಲಸಿನ ಸೊಪ್ಪು ತಿನ್ನಿಸುತ್ತಿದ್ದ. ನಾಳೆ ನಿನ್ನ ಕಷ್ಟ ಮುಗಿಯಿತು ಮಾರಾಯ ಎಂದೆ. ಅವನ ಮುಖ ಸಪ್ಪಗಾಯಿತು. "ಇದು ಇಲ್ಲೇ ಇರ್ಲಿ ಹೆಗಡೇರೆ. ನೀರ್ ಕಂಡ್ರೆ ಕಾಲ್ ನಡುಗ್ತದೆ. ಹೆಂಡ್ತಿ ಹತ್ರ ಹೇಳೂಕೆ ಆಗೂದಿಲ್ಲ. ಇದು ಹೋದ್ರೆ ನಾನೂ ಹೋಗ್ಬೇಕಾತದೆ" ಎಂದು, ತಮ್ಮ ಕುತ್ತಿಗೆ ತಬ್ಬಿಕೊಂಡೇ ಹೇಳಿದ. ಮೆತ್ತನೆಯ ಹಾಸಿಗೆಯ ಮೇಲೆ ಮಲಗಿ ಅದೇ ಅಳಿವೆ ದಾಟುವಾಗ ಅಮ್ಮಾ ಎಂದು ಕೂಗಿದವನು ನಾನು. ಅವನನ್ನು ಮತ್ತೆ ಅಲ್ಲಿಗೆ ಕಳಿಸಲು ಇಷ್ಟು ಉತ್ಸಾಹದಿಂದ ಓಡಾಡಿದೆನಲ್ಲ ಎಂದುಕೊಂಡು, ಚಹ ಕುಡಿಯುವುದನ್ನೇ ಬಿಟ್ಟು ಮತ್ತೆ ಪೆನ್ನು ಹಿಡಿದೆ.

ಆದ್ದರಿಂದ ಮೇಲ್ಕಂಡ ಕೋರಿಕೆಗಳನ್ನೆಲ್ಲ ಹಿಂಪಡೆದು ಹೊಸದಾಗಿ ಅರಿಕೆ ಮಾಡುವುದೇನೆಂದರೆ, ನಾಳೆ ಜನರೆದುರು ನಾನು ಹಗ್ಗ ಎಳೆದಾಗ ತಾವು ನಾಲ್ಕೂ ಕಾಲು ಊರಿ ನಿಲ್ಲಬೇಕು, ನಾನು ಹಳೆಯ ಅರ್ಜಿಗಳ ವಿಷಯದಲ್ಲಿ ನಿಲ್ಲುತ್ತಿದ್ದ ಹಾಗೆ. ಅಗತ್ಯವೆನಿಸಿದರೆ ಒಂದೆರಡು ಬಾರಿ ನನ್ನನ್ನು ಹಾಯಬಹುದು. ಗಾಯದ ವೆಚ್ಚವನ್ನು ಅಳಿಯ ನೋಡಿಕೊಳ್ಳುತ್ತಾನೆ.

ತಮ್ಮ ವಿಶ್ವಾಸಿಯೂ ತಮ್ಮ ಹಗ್ಗದ ಇನ್ನೊಂದು ತುದಿಯೂ ಆದ,
ಶಾಂತಾರಾಮ ಹೆಗಡೆ

ತಾಜಾಕಲಂ: ಸಹಿ ಹಾಕಿದ ಮೇಲೆ ನರ್ಮದಾ ಬಂದು, ಸುಮತಿಯ ಹತ್ತಿರ ದನಿ ತಗ್ಗಿಸಿ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಅವ್ರ ಕಾಲ್ ನಡುಗೂದು ನನಗೆ ಗೊತ್ತಿಲ್ದೆ ಎಂತ? ನಾ ಬಿಟ್ಟದ್ದು ಕರೀ ಹೋತ ಅಮ್ಮ, ಅವ್ರು ಆಗ ಆಸ್ಪತ್ರೇಲಿದ್ರು, ನೋಡ್ಲೇ ಇಲ್ಲ. ನಿಮ್ಮ ಹಡಗೊಂದು ನಾಳೆ ಬರ್ದೆ ಇದ್ರೆ ಸಾಕಿತ್ತು." ತಮ್ಮ ಮೈಬಣ್ಣ ಅಚ್ಚ ಬಿಳಿ ಎಂಬುದನ್ನು ನಾನೂ ಈಗ ಗಮನಿಸಿದೆ. ಯಾಟ್ ರದ್ದುಮಾಡಿಸಿದ್ದೇನೆ, ಬಸಳೆ ಚಪ್ಪರ ಇನ್ನು ತಮ್ಮದೇ. ಆದರೆ ತಾವು ಶನಿಯಾರನ ಮನೆಯ ಹರಕೆ ಅಲ್ಲವೆಂದು ಅಪ್ಪಿತಪ್ಪಿ ಎಲ್ಲಾದರೂ ಬಾಯಿಬಿಟ್ಟೀರಿ, ಜೋಕೆ. ಮಾಂಸ ಬೇಯಿಸದ ಮನೆ ಈ ಕೇರಿಯಲ್ಲಿ ನಮ್ಮದೊಂದೇ.