ಚಿರಂಜೀವಿ ಗಾಳಿಯ ಬಾಯಿ ಮುಚ್ಚಿಸಿದ್ದು

"ಈ ಗಾಳಿ ಬಾಯಿ ಮುಚ್ಚಿಸದೆ ಹೋದ್ರೆ ನನ್ನ ಹೆಸರು ಚಿರಂಜೀವಿನೇ ಅಲ್ಲ!"

ಮಧುಗಿರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಚಿರಂಜೀವಿ ಅಡುಗೆಮನೆ ಬಾಗಿಲಲ್ಲಿ ನಿಂತು, ಹೆಲ್ಮೆಟ್ಟನ್ನು ಎದೆಗವಚಿಕೊಂಡು ಈ ಘೋರ ಪ್ರತಿಜ್ಞೆ ಮಾಡಿದಾಗ ಹೆಂಡತಿ ಲೋಹಿತಾ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಳು.

"ಹೆಸರು ಬದಲಾಯಿಸಿದ್ರೆ ಆಧಾರ್ ಕಾರ್ಡಲ್ಲೂ ಬದಲಾಯಿಸ್ಬೇಕು, ಯೋಚ್ನೆ ಮಾಡಿ" ಅಂದಳು ತಿರುಗಿ ನೋಡದೆ.

ಇದಕ್ಕೆಲ್ಲ ಮೂಲ ಒಂದೇ ಒಂದು ಅಕ್ಷರ. ಲೋಹಿತಾಳ ತವರು ಪಾವಗಡದ ಆಚೆ, ವೈ.ಎನ್.ಹೊಸಕೋಟೆ. ಮಧುಗಿರಿಯಲ್ಲಿ ಇರುವಷ್ಟು ಹೊತ್ತು ಅವಳದು ಅಪ್ಪಟ ಕನ್ನಡ. ತವರಿನ ದಿಕ್ಕಿಗೆ ಗಾಡಿ ತಿರುಗಿತೋ, ನಾಲಿಗೆ ತಾನಾಗೇ ತೆಲುಗಿಗೆ ಜಾರಿಬಿಡುತ್ತಿತ್ತು. ಹೋದ ತಿಂಗಳು ತವರಿಂದ ಬೈಕಲ್ಲಿ ವಾಪಸ್ ಬರುವಾಗ, ನಾಲಿಗೆ ಪೂರ್ತಿ ಕನ್ನಡಕ್ಕೆ ತಿರುಗುವ ಮುಂಚೆಯೇ, ಹಿಂದಿನ ಸೀಟಿಂದ ಕೂಗಿದ್ದಳು: "ರೀ, ಗಾಲಿ ಸೌಂಡು ತಡಿಯಕ್ಕಾಗ್ತಿಲ್ಲ!"

ಗಾಲಿ ತಾನೆ? ಚಿರಂಜೀವಿ ಮಾರನೇ ದಿನವೇ ಮೆಕ್ಯಾನಿಕ್ ಬೈಲಪ್ಪನ ಹತ್ತಿರ ಹೋಗಿ ಎರಡೂ ಗಾಲಿ ಬಿಚ್ಚಿಸಿದ. ಬೇರಿಂಗು ಹೊಸದಾಗಿ ಹಾಕಿಸಿದ. ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಊರು ಸುತ್ತು ಹಾಕಿಸಿ ಗತ್ತಿನಿಂದ ಕೇಳಿದ:

"ಈಗ ಗಾಲಿ ಸೌಂಡು ಹೆಂಗಿದೆ?"

"ಹಂಗೇ ಐತಲ್ರೀ!"

"ಎರಡೂ ಬಿಚ್ಚಿಸಿದೀನಿ ಕಣೇ!"

"ಗಾಲಿನ ಹೆಂಗ್ರೀ ಬಿಚ್ಚಿಸ್ತೀರಾ? ನಮ್ಮ ಕಡೆ ಗಾಲಿ ಅಂದ್ರೆ ಗಾಳಿ! ಕಿವಿ ಹತ್ರ ಭರ್ರೋ ಅಂತ ಬೀಸ್ತದಲ್ಲ, ಅದು!"

ಅವತ್ತಿಂದ ಎರಡು ವಿಷಯ ಅವನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತವು. ಒಂದು, ಲೋಹಿತಾ ಗಾಲಿ ಅಂದರೆ ಅದು ಗಾಳಿ. ಎರಡನೆಯದು ನಿದ್ದೆ ಕೆಡಿಸುವಂಥ ಪ್ರಶ್ನೆ: ಅಷ್ಟು ಗಟ್ಟಿ ಹೆಲ್ಮೆಟ್ಟಿನೊಳಕ್ಕೆ ಈ ಗಾಳಿ ಸದ್ದು ಬರೋದಾದರೂ ಎಲ್ಲಿಂದ?

ಯಾವುದನ್ನೇ ಆಗಲಿ ಬಿಚ್ಚಿ ನೋಡದಿದ್ದರೆ ಅನ್ನ ಸೇರದ ಜಾತಿ ಅವನದು. ಮನೆಯ ಮಿಕ್ಸಿ, ಗಡಿಯಾರ, ಮಾವ ಕೊಟ್ಟ ಟಾರ್ಚು, ಎಲ್ಲವೂ ಒಮ್ಮೆ ಅವನ ಕೈಯಲ್ಲಿ ಕರುಳು ಹೊರಹಾಕಿದವೇ. ಆದರೆ ಗಾಳಿಗೆ ಸ್ಕ್ರೂ ಇಲ್ಲವಲ್ಲ! ಬರೀ ಕಿವಿಯಿಂದಲೇ ಹುಡುಕಬೇಕು. ದಿನಾ ಬೆಳಿಗ್ಗೆ ಶಿರಾ ರಸ್ತೆಯಲ್ಲಿ ಬೈಕು ಓಡಿಸುತ್ತಾ ಕತ್ತು ಎಡಕ್ಕೆ ವಾಲಿಸಿ ಕೇಳಿದ. ಬಲಕ್ಕೆ ವಾಲಿಸಿ ಕೇಳಿದ. ಮುಂದಿನ ಗಾಜು ಎತ್ತಿದ, ಇಳಿಸಿದ. ಕನ್ನಡಿ ಎರಡನ್ನೂ ಕಿತ್ತು ಜೇಬಿಗೆ ಹಾಕಿಕೊಂಡೂ ನೋಡಿದ. ಸದ್ದು ಅಲ್ಲೇ ಇತ್ತು, ಕನ್ನಡಿಯಿಲ್ಲದ್ದರಿಂದ ಕಾಣದೇ ಹೋದ ಹಿಂದಿನ ಲಾರಿಯವನ ಬೈಗುಳ ಜೊತೆಗೆ ಸೇರಿತು.

ಕತ್ತು ವಾಲಿಸಿಕೊಂಡು ಓಡಾಡುವುದನ್ನು ಪಕ್ಕದ ಮನೆ ಕೊಲ್ಲಾಪುರಮ್ಮ ನೋಡಿಬಿಟ್ಟರು. ಉಳುಕು ತೆಗೆಯುವುದರಲ್ಲಿ ಅವರದು ಎತ್ತಿದ ಕೈ.

"ಅಯ್ಯೋ ಕಂದಾ, ಕತ್ತು ಹಿಡ್ಕಂಬುಟ್ಟೈತಲ್ಲೋ!" ಅಂದವರೇ, "ಇಲ್ಲ ಅಜ್ಜಿ, ಇದು ಸಂಶೋ..." ಅನ್ನುವಷ್ಟರಲ್ಲಿ ಲಟಕ್ಕನೆ ತಿರುಗಿಸಿಬಿಟ್ಟರು! ಅಲ್ಲಿವರೆಗೆ ನೆಟ್ಟಗಿದ್ದ ಕತ್ತು ಅವತ್ತಿಂದ ನಿಜವಾಗಿಯೂ ಹಿಡಿದುಕೊಂಡಿತು.

ಆದರೆ ಜ್ಞಾನೋದಯ ಆಗಿದ್ದೂ ಆ ನೋವಲ್ಲೇ. ಕತ್ತು ನೋಯುತ್ತೆ ಅಂತ ಟವೆಲ್ ಸುತ್ತಿಕೊಂಡು ಬೈಕು ಹತ್ತಿದರೆ, ಅರೆ, ಸದ್ದು ಅರ್ಧಕ್ಕರ್ಧ ಕಮ್ಮಿ! ಕಳ್ಳ ಸಿಕ್ಕಿಬಿದ್ದಿದ್ದ. ಗಾಳಿ ನುಗ್ಗುತ್ತಿದ್ದುದು ಗದ್ದದ ಕೆಳಗಿನ ಸಂದಿಯಿಂದ! ಚಿರಂಜೀವಿ ಮನೆಗೆ ಓಡಿಬಂದು ಕತ್ತರಿ ತೆಗೆದುಕೊಂಡ. ಸಂಜೆ ಲೋಹಿತಾ ಟಿವಿ ಮುಂದೆ ಕೂತಳು, ಕೂತವಳು ಧೊಪ್ಪನೆ ಒಳಕ್ಕೆ ಕುಸಿದಳು.

"ರೀ! ಸೋಫಾದ ಸ್ಪಂಜು ಎಲ್ಲಿ?"

"ಇಗೋ, ಹೆಲ್ಮೆಟ್ಟಲ್ಲಿ! ನಂದಕ್ಕೊಂದು ಪಟ್ಟಿ, ನಿಂದಕ್ಕೊಂದು ಪಟ್ಟಿ. ಇನ್ಮೇಲೆ ಬೈಕಲ್ಲಿ ನಾವಿಬ್ರೂ ಮನೇಲಿ ಮಾತಾಡ್ದಂಗೆ ಮಾತಾಡ್ಕೊಂಡು ಹೋಗ್ಬೋದು!"

"ಮನೇಲಿ ಕೂತ್ಕೊಳ್ಳೋದು ಎಲ್ಲಿ?"

ಆ ಪ್ರಶ್ನೆಗೆ ಉತ್ತರ ಹುಡುಕುವುದರೊಳಗೆ ಲೋಹಿತಾಳ ತಮ್ಮ ಲಕ್ಷ್ಮೀಪತಿಯ ನಿಶ್ಚಿತಾರ್ಥ ಬಂತು. ಹೆಣ್ಣಿಗೆ ಕೊಡಬೇಕಾದ ರೇಷ್ಮೆ ಸೀರೆ ಲೋಹಿತಾಳ ಹತ್ತಿರವೇ ಇತ್ತು. ಅದರ ರವಿಕೆಯನ್ನು ಮಧುಗಿರಿಯ ಟೈಲರ್ ಕೈಲಿ ಹೊಲಿಸಿದ್ದು ಅವಳೇ. ತಾಯಿ ಬಸವಮ್ಮ ಫೋನಲ್ಲಿ ಖಡಾಖಂಡಿತವಾಗಿ ಹೇಳಿದ್ದರು: "ಅಮ್ಮಣ್ಣೀ, ರಾಹುಕಾಲ ಬರೋದ್ರೊಳಗೆ ಆ ಹುಡ್ಗಿ ನಮ್ಮ ಸೀರೆ ಉಟ್ಕೊಂಡು ಕುಂತ್ಕೋಬೇಕು. ಬೀಗರ ಮುಂದೆ ನನ್ನ ಮರ್ಯಾದೆ ನಿನ್ನ ಬ್ಯಾಗಲ್ಲೈತೆ, ನೆನಪಿಟ್ಕೋ!"

"ಬಸ್ಸಿಗೆ ಹೋಗೋಣ ರೀ. ಯಾಕೋ ಭಯ."

"ಬಸ್ಸಾ! ಇಂಥ ಹೆಲ್ಮೆಟ್ ಇಟ್ಕೊಂಡು ಬಸ್ಸಾ!"

ಹೊರಟರು. ನಿಜ ಹೇಳಬೇಕಲ್ಲ, ಚಿರಂಜೀವಿಯ ಸ್ಪಂಜು ಗೆದ್ದಿತ್ತು. ಭರ್ರೋ ಇಲ್ಲ, ಸುಂಯ್ ಇಲ್ಲ. ದೇವಸ್ಥಾನದ ಗರ್ಭಗುಡಿಯಲ್ಲಿ ಕೂತಷ್ಟು ನಿಶ್ಶಬ್ದ! ಆ ನಿಶ್ಶಬ್ದವನ್ನು ಅವನು ತನ್ನ ಮಾತಿನಿಂದ ತುಂಬಿಸತೊಡಗಿದ. ಗಾಳಿ ಹೇಗೆ ಬರುತ್ತೆ, ಎಲ್ಲಿ ಸುತ್ತುತ್ತೆ, ಕನ್ನಡಿ ಯಾಕೆ ನಿರಪರಾಧಿ. ಮಧುಗಿರಿ ಬೆಟ್ಟ ಹಿಂದೆ ಮರೆಯಾದರೂ ಮಾತು ಮುಗಿಯಲಿಲ್ಲ. ಪಾವಗಡ ಬಂತು, ಹೋಯಿತು. ಮಾತು ಇನ್ನೂ ಗದ್ದದ ಸಂದಿಯಲ್ಲೇ ಇತ್ತು. ಲೋಹಿತಾ ಸೀರೆ ಬ್ಯಾಗನ್ನು ಅಪ್ಪಿಕೊಂಡು ಒಮ್ಮೆ ರಸ್ತೆ, ಒಮ್ಮೆ ಗಡಿಯಾರ ನೋಡುತ್ತಿದ್ದಳು.

ಹೊಸಕೋಟೆ ರಸ್ತೆಯಲ್ಲಿ ಕಡಲೆಕಾಯಿ ಹೊಲಗಳ ನಡುವೆ ಅವನ ಬೆನ್ನಿಗೆ ದಬದಬ ಗುದ್ದು ಬಿತ್ತು.

"ಏವಂಡೀ! ಗಾಲಿ ಪೋಯಿಂದಿ!"

ಆಹಾ! ಗಾಳಿ ಹೋಯ್ತು! ಹೆಂಡತಿಯ ಬಾಯಿಂದಲೇ ಸರ್ಟಿಫಿಕೇಟು! ಅದೂ ತವರಿನ ಭಾಷೆಯಲ್ಲಿ, ಅಂದರೆ ಹೃದಯದಿಂದ! ಚಿರಂಜೀವಿಯ ಕಣ್ಣು ಒದ್ದೆಯಾಯಿತು.

"ಪೂರ್ತಿ ಹೋಯ್ತಾ?"

"ಮೊತ್ತಂ ಪೋಯಿಂದಿ! ಹಿಂದಿಂದು!"

"ಹಿಂದಿಂದೂ ಹೋಯ್ತಾ! ಮುಂದಿಂದು ಮಧುಗಿರೀಲೇ ಹೋಯ್ತು ಕಣೇ!"

"ಅಯ್ಯೋ ಶಿವನೇ, ಮುಂದಿಂದೂ ಹೋಗೈತಾ! ಆಪಂಡಿ, ಆಪಂಡಿ!"

ಆಪಂಡಿ ಅಂದರೆ ನಿಲ್ಲಿಸಿ ಅಂತ ಅವನಿಗೂ ಗೊತ್ತು. ಜಂಬ ಕೊಚ್ಚಿಕೊಳ್ಳೋದು ನಿಲ್ಲಿಸಿ ಅಂತ ನಾಚಿಕೊಳ್ಳುತ್ತಿದ್ದಾಳೆ ಪಾಪ, ಅಂದುಕೊಂಡ. "ಇರು, ಸ್ಪೀಡಲ್ಲೂ ಹೋಗಿರ್ತದಾ ನೋಡೋಣ!" ಅಂತ ಆಕ್ಸಿಲರೇಟರಿನ ಕಿವಿ ಹಿಂಡಿದ. ಬೈಕಿನ ಹಿಂಭಾಗ ಅತ್ತ ಇತ್ತ ತೊನೆದಾಡತೊಡಗಿತು. ಹೆಂಡತಿ ಖುಷಿಗೆ ಕುಣಿಯುತ್ತಿದ್ದಾಳೆ ಅಂತ ಇನ್ನಷ್ಟು ಹಿಗ್ಗಿದ. ಅಷ್ಟರಲ್ಲಿ ಗಾಡಿ ರಸ್ತೆ ಬಿಟ್ಟು, ಕಡಲೆಕಾಯಿ ಹೊಲದ ಮೆತ್ತನೆ ಮಣ್ಣಿಗೆ ಇಳಿದು, ತನ್ನಷ್ಟಕ್ಕೆ ತಾನೇ ನಿಂತಿತು.

ಇಳಿದು ನೋಡಿದರೆ ಹಿಂದಿನ ಟೈರು ಬಿಸಿಲಿಗೆ ಹಾಕಿದ ಹಪ್ಪಳವಾಗಿ ಮಲಗಿತ್ತು. ಟ್ಯೂಬು ಚಿಂದಿ. ಗಾಳಿ ಸದ್ದಿನ ಜೊತೆಗೆ, ಟೈರು ಬಡಬಡ ಅಂತ ಬಡಿದುಕೊಂಡ ಸದ್ದನ್ನೂ ಸೋಫಾ ಸ್ಪಂಜು ನುಂಗಿ ನೀರು ಕುಡಿದಿತ್ತು!

"ಗಾಲಿ ಅಂದ್ರೆ ಗಾಳಿ ಅಂತ ನೀನೇ ಹೇಳಿದ್ದೆ..."

"ಟೈರಲ್ಲಿರೋದು ಏನ್ರೀ? ಮಜ್ಜಿಗೆನಾ?"

ಲೋಹಿತಾಳ ಕಣ್ಣಲ್ಲಿ ನೀರು ಬಂತು. ತಮ್ಮನ ಶುಭಕಾರ್ಯಕ್ಕೆ ತಾನೇ ಅಡ್ಡಿಯಾದೆನಲ್ಲ ಅನ್ನುವ ಸಂಕಟ ಅವಳಿಗೆ. ಅದನ್ನು ನೋಡಿ ಚಿರಂಜೀವಿ ಮಾವನ ನಂಬರು ಒತ್ತಿದ. ಸದ್ಯ, ಫೋನು ಸಿಕ್ಕಿತು. ಮಾವ ರೇಣುಕಯ್ಯ ಹೊಸ ಪಂಚೆ ಹಾರಿಸಿಕೊಂಡು ಹಳೇ ಮೊಪೆಡ್ಡಿನಲ್ಲಿ ಬಂದರು. ಹಿಂದೆ ಜಾಗ ಒಬ್ಬರಿಗೆ ಮಾತ್ರ.

ಮಾವ ಟೈರು ನೋಡಿದರು, ಅಳಿಯನನ್ನು ನೋಡಿದರು. "ನಿಧಾನವಾಗಿ ಬನ್ನಿ ಅಳಿಯಂದ್ರೆ. ಸೀರೆ ಇಲ್ದೆ ಕಾರ್ಯ ನಡೆಯಲ್ಲ, ನೀವಿಲ್ದೆ ನಡೀತದೆ" ಅಂದು ಮಗಳನ್ನು ಕೂರಿಸಿಕೊಂಡು ಹೊರಟೇಬಿಟ್ಟರು.

ಚಿರಂಜೀವಿ ಬೈಕು ತಳ್ಳಿಕೊಂಡು, ಬೆವರು ಸುರಿಸಿಕೊಂಡು, ಪಂಕ್ಚರ್ ಅಂಗಡಿಗೆ ಅದನ್ನು ಒಪ್ಪಿಸಿ ನಿಶ್ಚಿತಾರ್ಥದ ಛತ್ರ ಸೇರುವಷ್ಟರಲ್ಲಿ ಎರಡನೇ ಪಂಕ್ತಿ ಏಳುತ್ತಿತ್ತು. ಹುಡುಗಿ ಅದೇ ಸೀರೆಯಲ್ಲಿ ಫೋಟೋಗೆ ನಿಂತಿದ್ದಳು. ರಾಹುಕಾಲಕ್ಕೆ ಮುಂಚೆಯೇ ತಾಂಬೂಲ ಬದಲಾಯಿಸಿಕೊಂಡಿದ್ದರು. ಅವನಿಗೆ ಹೋದ ಜೀವ ಬಂದಂತಾಯಿತು. ಲೋಹಿತಾ ಎಲೆ ಹಾಕಿ ಪಾಯಸ ಬಡಿಸಿದಳು, ಎರಡು ಸೌಟು. ಸಿಟ್ಟು ಇಳಿದಿದೆ ಅಂತ ಅವನು ಧೈರ್ಯ ತಂದುಕೊಂಡ.

ಸಂಜೆ ಹೊರಡುವಾಗ ನೋಡುತ್ತಾನೆ, ಅವಳು ತನ್ನ ಹೆಲ್ಮೆಟ್ಟಿನ ಸ್ಪಂಜನ್ನು ಪರಪರ ಕೀಳುತ್ತಿದ್ದಾಳೆ!

"ಏ, ಅದನ್ಯಾಕೆ ಕೀಳ್ತೀಯ? ತಪ್ಪು ಟೈರಿಂದು, ಸ್ಪಂಜಿಂದಲ್ಲ! ಗಾಳಿ ಸದ್ದು ನಿಂತಿದ್ದು ನಿಜ ತಾನೆ? ನಾನು ಹೇಳಿದ್ದು ಒಂದೊಂದು ಮಾತೂ ನಿಂಗೆ ಕೇಳಿಸ್ತು ತಾನೆ?"

"ಅದಕ್ಕೇ ಕೀಳ್ತಿರೋದು" ಅಂದಳು ಲೋಹಿತಾ, ಸ್ಪಂಜನ್ನು ಅವನ ಕೈಗಿಟ್ಟು ಹಿಂದಿನ ಸೀಟು ಹತ್ತುತ್ತಾ. "ಮದ್ವೆ ಆದಾಗಿಂದ ಈ ರಸ್ತೇಲಿ ನೆಮ್ಮದಿಯಾಗಿ ತವರಿಗೆ ಹೋಗಿ ಬರ್ತಿದ್ದೆ. ಅದು ಗಾಳಿ ಪುಣ್ಯ ಅಂತ ಇವತ್ತೇ ನಂಗೆ ಗೊತ್ತಾಗಿದ್ದು!"