ಸೊನ್ನೆ ಕಂಡರಾಗದ ನಮ್ಮ ಮಾವ

ನಮ್ಮ ಮಾವನಿಗೆ ಹಾವು ಕಂಡರೆ ಹೆದರಿಕೆಯಿಲ್ಲ, ಆನೆ ಕಂಡರೆ ಹೆದರಿಕೆಯಿಲ್ಲ, ಅತ್ತೆಯನ್ನು ಕಂಡರೆ ಸ್ವಲ್ಪ ಇದೆ. ಆದರೆ ಸೊನ್ನೆಯನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ! ನಿಜವಾದ ಸೊನ್ನೆಯ ಮೇಲೆ ಅವರಿಗೇನೂ ಹಗೆಯಿಲ್ಲ. ಮಾಹಿತಿಯೇ ಬಾರದ ಜಾಗದಲ್ಲಿ ಸುಮ್ಮನೆ ಬಂದು ಕೂರುತ್ತದಲ್ಲ, ಆ ಸೊನ್ನೆಯ ಮೇಲೆ ಅವರ ಕೋಪ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಕುಶಾಲನಗರದಲ್ಲಿ ಮುಖ್ಯ ಕಚೇರಿ ಇದ್ದ ಒಂದು ಕಾಫಿ ಕಂಪನಿಯ ಐಟಿ ವಿಭಾಗದ ಮುಖ್ಯಸ್ಥರಾಗಿದ್ದರು. ವಿಭಾಗದಲ್ಲಿ ಒಟ್ಟು ಮೂವರು: ಮಾವ, ನಾನು, ಮತ್ತು ಮಳೆಗಾಲ ಶುರುವಾದೊಡನೆ ಮುನಿಸಿಕೊಳ್ಳುವ ಒಂದು ಸರ್ವರ್. ನಾನು ಅಲ್ಲಿಗೆ ಸೇರಿದ್ದು ಪರೀಕ್ಷೆ ಬರೆದೇ ಹೊರತು ಮಾವನ ಶಿಫಾರಸಿನಿಂದಲ್ಲ. ನಂಬದವರು ಬಿಡಲಿ!

ಚೆಟ್ಟಳ್ಳಿಯಿಂದ ಭಾಗಮಂಡಲದವರೆಗೆ ಕಂಪನಿಗೆ ಎಂಟು ತೋಟಗಳು. ಪ್ರತಿ ತೋಟಕ್ಕೂ ಹಾಜರಿ, ದಾಖಲೆ ನೋಡಿಕೊಳ್ಳಲು ಒಬ್ಬ ರೈಟರ್. ಬೆಳಿಗ್ಗೆ ಎಂಟು ಗಂಟೆಯೊಳಗೆ ಆ ರೈಟರ್ ಮಳೆ ಅಳೆಯುವ ರೇನ್‌ಗೇಜ್ ನೋಡಿ ಎಷ್ಟು ಇಂಚು, ಎಷ್ಟು ಸೆಂಟು ಮಳೆ ಎಂದು ನಮಗೆ ಕಳಿಸಬೇಕು. ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು. ಕೊಡಗಿನಲ್ಲಿ ಮಳೆಗಾಲ ಬಂತೆಂದರೆ ಯಾರೂ 'ಚೆನ್ನಾಗಿದ್ದೀರಾ' ಎಂದು ಕೇಳುವುದಿಲ್ಲ, 'ನಿಮ್ಮಲ್ಲಿ ಎಷ್ಟು ಇಂಚು' ಎಂದೇ ಕೇಳುವುದು. ಹೀಗೆ ಬಂದ ಅಂಕಿಗಳೆಲ್ಲ ಕಚೇರಿ ಗೋಡೆಯ ದೊಡ್ಡ ಟಿವಿಯ ಮೇಲೆ, ಮಾವ ಕಟ್ಟಿದ ಡ್ಯಾಶ್‌ಬೋರ್ಡಿನಲ್ಲಿ ಎಂಟು ಚೌಕಗಳಾಗಿ ಕೂರುತ್ತಿದ್ದವು. ಎಲ್ಲ ಸರಿಯಿದ್ದರೆ ಹಸಿರು, ಸ್ವಲ್ಪ ಎಚ್ಚರ ಬೇಕಿದ್ದರೆ ಹಳದಿ, ಅಪಾಯವಾದರೆ ಕೆಂಪು. ಮಾಹಿತಿಯೇ ಬರದಿದ್ದರೆ ಬೂದು.

ಈ ಬೂದು ಬಣ್ಣವೇ ಮಾವನ ಜೀವ. "ಖಾಲಿ ಬೇರೆ, ಸೊನ್ನೆ ಬೇರೆ ಕಣೆ" ಎಂದು ನನಗೆ ಮೊದಲ ದಿನವೇ ಪಾಠ ಮಾಡಿದ್ದರು. "ಸೊನ್ನೆ ಅಂದ್ರೆ ಯಾರೋ ಹೋಗಿ ನೋಡವ್ರೆ, ಏನೂ ಇಲ್ಲ ಅಂತ. ಖಾಲಿ ಅಂದ್ರೆ ನೋಡ್ದೋರ್ ಸುದ್ದೀನೇ ಇಲ್ಲ ಅಂತ. ಎರಡೂ ಒಂದೇನಾ?"

ಡ್ಯಾಶ್‌ಬೋರ್ಡಿನ ರುಚಿ ಹತ್ತಿದ ಮೇಲೆ ಕಚೇರಿಯಲ್ಲಿ ಯಾರಿಗೆ ತಾನೇ ಸುಮ್ಮನಿರಲು ಸಾಧ್ಯ? ಸ್ಟೋರಿನವರಿಗೆ ಏಣಿಗಳದ್ದು ಬೇಕು, ಸಿಬ್ಬಂದಿ ವಿಭಾಗಕ್ಕೆ ರಜೆಯದ್ದು ಬೇಕು, ಕ್ಯಾಂಟೀನಿನವರಿಗೆ ಕೂಡ ಒಂದು ಬೇಕು! ಬಂದವರನ್ನೆಲ್ಲ ಮಾವ ಕುರ್ಚಿ ಕೊಟ್ಟು ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದನ್ನ ನೋಡ್ಬುಟ್ಟು ನೀವ್ ಏನ್ ಮಾಡ್ತೀರ ಸಾರ್?" ಸ್ಟೋರಿನವರು ಬಹಳ ಹೊತ್ತು ಯೋಚಿಸಿ, "ನೋಡ್ತೀವಿ ಸಾರ್" ಎಂದರು. ಏಣಿಯ ಡ್ಯಾಶ್‌ಬೋರ್ಡ್ ಅಲ್ಲಿಗೇ ಮುಗಿಯಿತು.

ನಾವು ತಿಂಗಳಿಗೊಮ್ಮೆ ಎಲ್ಲರಿಗೂ ಕಳಿಸುತ್ತಿದ್ದ ಹನ್ನೆರಡು ಪುಟದ ವರದಿ ಇನ್ನೊಂದು ತಮಾಷೆ. ಸರ್ವರ್ ಎಷ್ಟು ಹೊತ್ತು ಎದ್ದಿತ್ತು, ಎಷ್ಟು ದೂರು ಬಂದವು, ಎಷ್ಟು ಬಾಕಿ ಉಳಿದವು, ಇಂಥವೆಲ್ಲ. ಇದನ್ನು ಯಾರಾದರೂ ಓದುತ್ತಾರೆಯೇ ಎಂದು ಮಾವನಿಗೆ ಗುಮಾನಿ. ಒಂದು ಸಲ ಏಳನೆಯ ಪುಟದ ನಡುವೆ ಹೀಗೆ ಸೇರಿಸಿಬಿಟ್ಟರು: 'ಈ ಸಾಲು ಓದಿದವರು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರತಕ್ಕದ್ದು. ಅಕ್ಕಿರೊಟ್ಟಿ, ಕಳಲೆ ಪಲ್ಯ.'

ಕಂಪನಿಯ ದೊಡ್ಡ ಸಾಹೇಬರಿಂದ ಹಿಡಿದು ಯಾರೂ ಬರಲಿಲ್ಲ. ಮಾವ ಗೆದ್ದವರಂತೆ ನಗುತ್ತಾ ಊಟಕ್ಕೆ ಕೂತಿದ್ದರು. ಅಷ್ಟರಲ್ಲಿ ಗೇಟಿನ ಬಳಿ ಒಂದು ಕೊಡೆ ಕಾಣಿಸಿತು. ಭಾಗಮಂಡಲದ ಕಡೆಯ ತೋಟದ ರೈಟರ್! ಎರಡು ಬಸ್ಸು ಬದಲಿಸಿ, ಕೈಯಲ್ಲೊಂದು ಜೇನಿನ ಬಾಟಲಿ ಹಿಡಿದು ಬಂದಿದ್ದರು.

"ಏಳನೇ ಪುಟದಲ್ಲಿ ಬರ್ದಿತ್ತಲ್ಲ ಸಾರ್, ಕಳಲೆ ಉಂಟು ಅಂತ" ಎಂದರು, ಸಂಕೋಚದಿಂದ.

ಅತ್ತೆ ಇನ್ನಷ್ಟು ರೊಟ್ಟಿ ತಟ್ಟಿದರು. ಅಂದಿನಿಂದ ಮಾವನಿಗೆ ಆ ರೈಟರ್ ಎಂದರೆ ಪ್ರಾಣ. "ಇಡೀ ಕಂಪ್ನೀಲಿ ನಂಗೊಬ್ಬನೇ ಓದುಗ" ಎನ್ನುತ್ತಿದ್ದರು. ಆ ಓದುಗರಂತೂ ಮಳೆ ಲೆಕ್ಕ ಒಂದು ದಿನವೂ ತಪ್ಪಿಸಿದವರಲ್ಲ. ನೆಟ್‌ವರ್ಕ್ ಇಲ್ಲದ ದಿನ ಚೀಟಿ ಬರೆದು ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಕಂಡಕ್ಟರ್ ಮಡಿಕೇರಿ ತಲುಪಿ ನಮಗೆ ಫೋನಿನಲ್ಲಿ ಓದಿ ಹೇಳುತ್ತಿದ್ದ.

ಮಾವನ ಈ ಖಾಲಿ ಹುಚ್ಚು ಕಚೇರಿಯಲ್ಲಷ್ಟೇ ಇತ್ತು ಎಂದುಕೊಳ್ಳಬೇಡಿ. ನನ್ನನ್ನು ನೋಡಿಕೊಂಡು ಹೋದ ಗಂಡಿನ ಕಡೆಯವರು ತಿಂಗಳಾದರೂ ಸುದ್ದಿ ಕಳಿಸಲಿಲ್ಲ. ಅಮ್ಮ, "ಅವ್ರಿಗೆ ಇಷ್ಟ ಆಗಿಲ್ಲ, ಬಿಡು" ಎಂದು ಕಣ್ಣೊರೆಸಿಕೊಂಡಳು. ಮಾವ ಒಪ್ಪಬೇಕಲ್ಲ! "ಇಲ್ಲ ಅಂದವ್ರಾ? ಅಂದಿಲ್ವಲ್ಲ! ಹಂಗಾದ್ರೆ ಅದು ಖಾಲಿ ಕಣಕ್ಕ" ಎಂದು ನೆಟ್ಟಗೆ ಅವರ ಮನೆಗೇ ಹೋದರು. ನೋಡಿದರೆ ಅವರು ನಮ್ಮ ಉತ್ತರಕ್ಕಾಗಿ ಕಾಯುತ್ತಾ ಕೂತಿದ್ದರಂತೆ! ಮದುವೆ ಆಯಿತು. ಈ ಉಪಕಾರಕ್ಕೆ ನನ್ನ ಗಂಡ ಮಾವನಿಗೆ ಕೃತಜ್ಞನೋ ಅಲ್ಲವೋ ಗೊತ್ತಿಲ್ಲ. ಆ ಚೌಕ ಇವತ್ತಿಗೂ ಖಾಲಿಯೇ ಇದೆ.

ಇಂಥ ಮಾವನಿಗೂ ಒಂದು ಸಲ ಸೋಲಾಯಿತು. ದೊಡ್ಡ ಸಾಹೇಬರು ಹೊರಗಿನಿಂದ ಒಬ್ಬ ತಜ್ಞನನ್ನು ಕರೆಸಿ ಹೊಸ ಡ್ಯಾಶ್‌ಬೋರ್ಡ್ ಮಾಡಿಸಿದರು. ಅದರ ಚೆಂದ ಏನು ಹೇಳಲಿ! ಅಂಕಿಗಳು ಕುಣಿಯುತ್ತಾ ಬಂದು ನಿಲ್ಲುತ್ತಿದ್ದವು. ಬೂದು ಬಣ್ಣ ಮಾತ್ರ ಎಲ್ಲೂ ಇಲ್ಲ.

"ಬೂದು ಚೆನ್ನಾಗಿ ಕಾಣಲ್ಲ ಸರ್" ಎಂದ ತಜ್ಞ. "ಮಾಹಿತಿ ಬರದೇ ಇದ್ರೆ ಸೊನ್ನೆ ತೋರಿಸುತ್ತೆ. ಸೊನ್ನೆ ಮಳೆ ಅಂದ್ರೆ ತೊಂದರೆ ಇಲ್ಲ, ಹಸಿರು."

ಮಾವ ವಾದಿಸಿದರು, ಬೇಡಿಕೊಂಡರು, ಕೊನೆಗೆ ಊಟ ಬಿಟ್ಟರು. ಸಾಹೇಬರು ಕೇಳಲಿಲ್ಲ. ಮಾವ ಒಂದು ರಟ್ಟಿನ ಡಬ್ಬವನ್ನು ಕತ್ತರಿಸಿ, ಎಂಟು ಚೌಕಕ್ಕೆ ಬೂದು ಬಣ್ಣ ಹಚ್ಚಿ ಮೇಜಿನ ಖಾನೆಯಲ್ಲಿಟ್ಟುಕೊಂಡರು. ಯಾವ ತೋಟದಿಂದ ಸುದ್ದಿ ಬಂದಿಲ್ಲವೋ ಆ ಚೌಕದ ಮೇಲೆ, ಟಿವಿಯ ಗಾಜಿಗೇ, ಸೆಲೋಟೇಪಿನಿಂದ ರಟ್ಟು ಅಂಟಿಸಿಬಿಡುವುದು! ಕಚೇರಿಯವರೆಲ್ಲ ನಕ್ಕರು. ಅವರಲ್ಲಿ ನಾನೂ ಒಬ್ಬಳು.

ಆಷಾಢದ ಒಂದು ಬೆಳಿಗ್ಗೆ. ಹಾರಂಗಿಯ ಗೇಟು ತೆರೆದಿದ್ದರು, ಊರಿಗೆಲ್ಲ ಅದೇ ಮಾತು. ಕಚೇರಿಗೆ ಬಂದು ನೋಡಿದರೆ ಟಿವಿಯಲ್ಲಿ ಭಾಗಮಂಡಲದ ತೋಟ: ಮಳೆ ಸೊನ್ನೆ, ಹಸಿರು, ಸರ್ವಂ ಕ್ಷೇಮ. ಆಷಾಢದಲ್ಲಿ ಭಾಗಮಂಡಲದಲ್ಲಿ ಸೊನ್ನೆ ಮಳೆ! ಕೊಡಗಿನಲ್ಲೇ ಹುಟ್ಟಿ ಬೆಳೆದ ಹತ್ತಾರು ಜನ ಅದರ ಕೆಳಗೇ ನಿಂತು ಕಾಫಿ ಕುಡಿಯುತ್ತಿದ್ದರು. ಒಬ್ಬರಿಗೂ ನಗು ಬಂದಿರಲಿಲ್ಲ.

ಮಾವ ರಟ್ಟು ಅಂಟಿಸಿದರು. ರೈಟರಿಗೆ ಫೋನು ಮಾಡಿದರು, ಹತ್ತಲಿಲ್ಲ. ಆ ಕಡೆ ಯಾರ ಫೋನೂ ಹತ್ತಲಿಲ್ಲ. "ಕರೆಂಟ್ ಹೋಗಿರುತ್ತೆ, ನೆಟ್‌ವರ್ಕ್ ಇರಲ್ಲ" ಎಂದೆ ನಾನು. ಮಾವ ಗಡಿಯಾರ ನೋಡುತ್ತಾ ಕೂತರು. ಬಸ್ಸು ಮಡಿಕೇರಿ ತಲುಪುವ ಹೊತ್ತಿಗೆ ಕಂಡಕ್ಟರನಿಗೆ ತಾವೇ ಫೋನು ಮಾಡಿದರು.

"ಇವತ್ತು ರೈಟರ್ ಸ್ಟಾಪ್‌ಗೆ ಬಂದೇ ಇಲ್ಲ ಸಾರ್" ಎಂದ ಕಂಡಕ್ಟರ್.

ಮಾವ ಕೊಡೆ ಎತ್ತಿಕೊಂಡರು. "ಜೀಪ್ ತೆಗೀರಿ" ಎಂದರು. ನಾನೂ ಹತ್ತಿದೆ.

ತೋಟ ತಲುಪಿದಾಗ ಮಧ್ಯಾಹ್ನ. ಹೊಳೆ ಉಕ್ಕಿ ಸೇತುವೆ ಮುಳುಗಿದ್ದರಿಂದ ಆಚೆ ದಡದ ಲೈನ್ ಮನೆಗಳಲ್ಲಿರುವ ತೋಟದ ಆಳುಗಳು ಯಾರೂ ಈಚೆಗೆ ಬಂದಿರಲಿಲ್ಲ. ತೋಟದ ಆಫೀಸಿನ ಹಿಂದೆ, ರೇನ್‌ಗೇಜಿನ ಪಕ್ಕದಲ್ಲೇ, ಮುರಿದು ಬಿದ್ದ ಸಿಲ್ವರ್ ಓಕ್ ಮರದ ಕೊಂಬೆಯ ಕೆಳಗೆ ಕಾಲು ಸಿಕ್ಕಿಸಿಕೊಂಡು ರೈಟರ್ ಬಿದ್ದಿದ್ದರು. ಬೆಳಗಿನಿಂದ ಹಾಗೇ! ತುಟಿ ನೀಲಿಯಾಗಿತ್ತು. ಆದರೆ ಕಣ್ಣು ತೆರೆದಿತ್ತು.

ಡ್ರೈವರ್, ಮಾವ, ನಾನು ಸೇರಿ ಕೊಂಬೆ ಎತ್ತಿದೆವು. ಮಾವ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಏನಾಗಲ್ಲ, ಏನಾಗಲ್ಲ" ಎಂದು ಅದನ್ನೇ ಹೇಳುತ್ತಿದ್ದರು. ರೈಟರ್ ನಡುಗುತ್ತಾ ಬಾಯಿ ತೆರೆದರು. ನೀರು ಕೇಳುತ್ತಾರೆ ಎಂದು ನಾನು ಬಗ್ಗಿದೆ.

"ಸಾರ್... ಐದು ಇಂಚು, ಅರವತ್ತು ಸೆಂಟು. ನೋಡಿ ಆಗಿತ್ತು. ಕಳಿಸ್ಲಿಕ್ಕೆ ಆಗ್ಲಿಲ್ಲ."

ಮಾವ ನಕ್ಕರೋ ಅತ್ತರೋ, ಆ ಮಳೆಯಲ್ಲಿ ಯಾರಿಗೆ ಗೊತ್ತಾಗಬೇಕು? ಆಸ್ಪತ್ರೆಯಲ್ಲಿ, ಕಾಲಿನ ಮೂಳೆ ಮುರಿದಿದೆ, ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಅಬ್ಬಾ ಎಂದು ನಾವು ಮೂವರೂ ಆ ವರಾಂಡದ ನೆಲದ ಮೇಲೇ ಕೂತುಬಿಟ್ಟೆವು.

ಮರುವಾರ ದೊಡ್ಡ ಸಾಹೇಬರೇ ಬಂದು ಟಿವಿಯ ಮೇಲಿದ್ದ ರಟ್ಟನ್ನು ಬಹಳ ಹೊತ್ತು ನೋಡಿದರು. ತಜ್ಞನಿಗೆ ಫೋನು ಮಾಡಿ ಬೂದು ಬಣ್ಣ ಹಾಕಲು ಹೇಳಿದರು. "ಯಾವ ಬೂದು ಸರ್? ತಿಳಿಯೋ, ಗಾಢವೋ?" ಎಂದು ಕೇಳಿದನಂತೆ ಆ ಪುಣ್ಯಾತ್ಮ! ಮಾವ ರಟ್ಟಿನ ಚೂರೊಂದನ್ನು ಕೊರಿಯರ್ ಮಾಡಿದರು.

ಈಗ ಮಾವ ನಿವೃತ್ತರು. ಹೋಗುವಾಗ ನನಗೆ ಉಡುಗೊರೆ ಕೊಟ್ಟಿದ್ದು ಏನು ಗೊತ್ತೇ? ಒಂದು ರೇನ್‌ಗೇಜ್! ನನ್ನ ಮನೆಯಂಗಳದಲ್ಲಿ ತಾವೇ ನಿಂತು ನೆಡಿಸಿದರು. ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ನನ್ನ ಫೋನಿಗೆ ಅವರ ಸಂದೇಶ ಬರುತ್ತದೆ: 'ಮಳೆ?' ನಾನು ಅಂಕಿ ಕಳಿಸುತ್ತೇನೆ, ಅವರು ತಮ್ಮ ಮಳೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಬೇಸಿಗೆಯಲ್ಲೂ ಬಿಡುವುದಿಲ್ಲ. ತಿಂಗಳುಗಟ್ಟಲೆ ಸೊನ್ನೆ ಕಳಿಸಿದ್ದೇನೆ. "ಇದು ನಿಜವಾದ ಸೊನ್ನೆ, ಬರ್ಕೊಳ್ಳಿ" ಎಂದು ರೇಗಿಸಿದ್ದೇನೆ.

ಮೊನ್ನೆ ಎಂಟಾಯಿತು, ಸಂದೇಶವಿಲ್ಲ. ಎಂಟೂ ಐದು. ಎಂಟೂ ಹತ್ತು. ಫೋನು ಮಾಡಿದರೆ ಸ್ವಿಚ್ ಆಫ್. ಅತ್ತೆ ಅರಕಲಗೂಡಿನ ತಂಗಿ ಮನೆಗೆ ಹೋಗಿದ್ದರು, ಮಾವ ಒಬ್ಬರೇ. 'ಚಾರ್ಜ್ ಇರಲಿಕ್ಕಿಲ್ಲ' ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಸ್ಕೂಟರ್ ಹತ್ತಿದ್ದೆ. ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ನನ್ನ ಗಂಡನದು ಎಂದು ಗೊತ್ತಾದದ್ದು ಮಾವನ ಗೇಟು ತೆಗೆಯುವಾಗ.

ಮಾವ ಜಗಲಿಯಲ್ಲಿ ಕೊಡೆ ಹಿಡಿದು ನಿಂತಿದ್ದರು, ಶರ್ಟಿನ ಗುಂಡಿ ಮೇಲೆ ಕೆಳಗಾಗಿತ್ತು.

"ಫೋನು ಬಕೀಟಿಗೆ ಬಿತ್ತು ಕಣೆ. ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದೀನಿ. ನಿನ್ ನಂಬರು ಬಾಯಲ್ಲಿ ಬರಲ್ಲ, ಅದೂ ಅಕ್ಕಿ ಒಳಗೇ ಅದೆ. ನೀ ಗಾಬರಿ ಆಗ್ತೀಯ ಅಂತ ನಾನೇ ಹೊರಟಿದ್ದೆ."

ನನಗೆ ಹೋದ ಜೀವ ಬಂದಂತಾಯಿತು. ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಈ ಮನುಷ್ಯನನ್ನು ನಾನೆಷ್ಟು ಹಚ್ಚಿಕೊಂಡಿದ್ದೇನೆಂದು ಆ ಹತ್ತು ನಿಮಿಷದ ದಾರಿಯಲ್ಲಿ ಗೊತ್ತಾಯಿತು. ಮಾವ ಪಕ್ಕದಲ್ಲಿ ಕೂತು, ನನ್ನ ಚಪ್ಪಲಿಗಳನ್ನು ನೋಡಿದರು. ಸ್ವಲ್ಪ ಹೊತ್ತಿಗೆ ಒಳಗಿಂದ ಮಳೆ ಪುಸ್ತಕ ತಂದು ಪೆನ್ನು ತೆರೆದರು.

"ಎಷ್ಟು ಮಳೆ?"

"ನೋಡ್ಲಿಲ್ಲ ಮಾವ. ಹಂಗೇ ಓಡಿ ಬಂದೆ."

ಮಾವ ಆ ದಿನದ ಸಾಲಿನ ಮೇಲೆ ಪೆನ್ನು ಹಿಡಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, "ಇರ್ಲಿ ಬಿಡು, ಖಾಲಿ ಇರ್ಲಿ" ಎಂದು ಪುಸ್ತಕ ಮಡಿಸಿಟ್ಟು, ನನಗೆ ಕಾಫಿ ಮಾಡಲು ಒಳಗೆ ಹೋದರು.